ಜನ ತುಂಬಿದ ಕೂಡಲೇ ಸೌಂಡ್ ಮಿಕ್ಸರಿನ ಟ್ಯಾಬ್ ಕೈಕೊಡುತ್ತದೆ, ಲೈಟೂ ಮಿಟುಕುತ್ತದೆ. ಬಯಲು ವೇದಿಕೆಗೆ ವೈಫೈ ಹೇಗೆ ಕಟ್ಟಬೇಕು?

ಸಾಗರದ_ರಂಗಮಿತ್ರ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ, ಸೊರಬ, ಹೊಸನಗರ ಕಡೆ ನಾಟಕ ಆಡುವ ಹವ್ಯಾಸಿ ತಂಡ. ಸೌಂಡು, ಲೈಟು ಎರಡೂ ನಾನೇ ನೋಡಿಕೊಳ್ಳುತ್ತೇನೆ. ಶಾಲೆ ಬಯಲು, ದೇವಸ್ಥಾನದ ಎದುರಿನ ಜಾಗ, ಗಣಪತಿ ಪೆಂಡಾಲು, ಹೀಗೆ ಹೆಚ್ಚಿನ ಪ್ರದರ್ಶನ ಎಲ್ಲ ಹೊರಗೇ.

ಮಿಕ್ಸರ್ 18 ಚಾನೆಲ್‌ನ ಡಿಜಿಟಲ್ ರ‍್ಯಾಕ್. ಸೌಂಡ್ ಏರಿಳಿಸುವ ಫೇಡರ್ ಇಲ್ಲ, ಪರದೆಯೂ ಇಲ್ಲ, ಎಲ್ಲ ಟ್ಯಾಬಿನಿಂದಲೇ ಆಗಬೇಕು. ಅದನ್ನು ವೇದಿಕೆ ಪಕ್ಕದ ವಿಂಗ್‌ನಲ್ಲಿ ಸ್ಪೀಕರ್ ಹಿಂದೆ ಇಡುತ್ತೇವೆ. ನಾನು ಜನರ ಹಿಂದೆ ಸುಮಾರು 30 ಮೀಟರ್ ದೂರದಲ್ಲಿ ಕೂರುತ್ತೇನೆ. ಬೇರೆ ರೂಟರ್ ಇಲ್ಲ, ಮಿಕ್ಸರಿನ ಒಳಗಿರುವ ವೈಫೈಯನ್ನೇ ಬಳಸುತ್ತಿದ್ದೇವೆ. ಲೈಟಿಗೆ ಲ್ಯಾಪ್‌ಟಾಪ್‌ನಲ್ಲಿ ಕ್ಯೂಎಲ್‌ಸಿ ಪ್ಲಸ್ ಅನ್ನುವ ಲೈಟ್ ಸಾಫ್ಟ್‌ವೇರ್, ಅದರಿಂದ ಯುಎಸ್‌ಬಿ ಡಿಎಂಎಕ್ಸ್ (ಲೈಟುಗಳಿಗೆ ಆಜ್ಞೆ ಒಯ್ಯುವ ಸಿಗ್ನಲ್), ಆಮೇಲೆ ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಡಿಎಂಎಕ್ಸ್ ಡಾಂಗಲ್. ವೇದಿಕೆಯ ಎರಡೂ ಬದಿ ಒಂದೊಂದು ರಿಸೀವರ್. 12 ಎಲ್‌ಇಡಿ ಪಾರ್ ಲೈಟು, ಎರಡು ಪ್ರೊಫೈಲ್ ಲೈಟು, ಒಂದು ಹೊಗೆ ಮಷಿನ್. ಇಷ್ಟೇ ಸಾಮಾನು.

ತೊಂದರೆ ಏನಂದ್ರೆ, ಮಧ್ಯಾಹ್ನ ಸೌಂಡ್ ಚೆಕ್ ಮಾಡುವಾಗ ಎಲ್ಲ ಸರಿಯಾಗಿರುತ್ತದೆ, ಬಯಲಿನ ಆ ತುದಿಗೆ ಹೋದರೂ ಟ್ಯಾಬ್ ಕಡಿತವಾಗುವುದಿಲ್ಲ. ಸಂಜೆ ಜನ ಬಂದು ಕೂತ ಮೇಲೆ ಫೇಡರ್ ಎಳೆದರೆ ಒಂದೆರಡು ಸೆಕೆಂಡ್ ಬಿಟ್ಟು ಏರುತ್ತದೆ, ಆಮೇಲೆ ಕನೆಕ್ಷನ್ನೇ ಹೋಗುತ್ತದೆ, ಹುಡುಕಿ ಮತ್ತೆ ಸೇರುವಷ್ಟರಲ್ಲಿ ಮುಂದಿನ ದೃಶ್ಯ ಶುರುವಾಗಿರುತ್ತದೆ. ಅದೇ ಹೊತ್ತಿಗೆ ಸರಿಯಾಗಿ ಪಾರ್ ಲೈಟುಗಳೂ ಮಿಟುಕುತ್ತವೆ. ಹೋದ ಪ್ರದರ್ಶನದಲ್ಲಿ ಸಾವಿನ ದೃಶ್ಯಕ್ಕೆ ಬ್ಲ್ಯಾಕೌಟ್ ಕೊಟ್ಟರೆ ಎಡಗಡೆ ಆರಿತು, ಬಲಗಡೆ ಉರಿಯುತ್ತಲೇ ಇತ್ತು. ನಟರು ಅಷ್ಟು ದಿನ ಕಷ್ಟಪಟ್ಟು ಕಟ್ಟಿದ್ದು ಹಾಗೆ ಹಾಳಾಗುವುದನ್ನು ನೋಡಲು ಆಗುವುದಿಲ್ಲ.

ಮಿಕ್ಸರೇ ಬದಲಿಸಬೇಕಾ, ಇಲ್ಲ ರೂಟರ್ ಹಾಕಿದರೆ ಸಾಕಾ? ಸೌಂಡಿಗೆ, ಲೈಟಿಗೆ ಬೇರೆ ಬೇರೆ ನೆಟ್‌ವರ್ಕ್ ಬೇಕಾ? ಬಜೆಟ್ ಜಾಸ್ತಿ ಇಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮಿಕ್ಸಿಂಗ್_ಮೇಜು, ಬೆಂಗಳೂರು:

ಮಿಕ್ಸರ್ ಬದಲಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಮಿಕ್ಸರ್ ಕೆಟ್ಟಿಲ್ಲ, ಅದರ ಗಾಳಿದಾರಿ ತುಂಬಿಹೋಗಿದೆ.

ಮಧ್ಯಾಹ್ನಕ್ಕೂ ಸಂಜೆಗೂ ಏನು ವ್ಯತ್ಯಾಸ ಅಂತ ಯೋಚಿಸಿ. ಸಂಜೆ ನೂರಾರು ಮೊಬೈಲ್ ಬಂದಿರುತ್ತವೆ. ಎಲ್ಲದರಲ್ಲೂ ವೈಫೈ ಆನ್ ಇರುತ್ತದೆ, ಯಾರೂ ಬಳಸದಿದ್ದರೂ ಅವು ಪರಿಚಯದ ನೆಟ್‌ವರ್ಕ್ ಇದೆಯಾ ಅಂತ ಆಗಾಗ ಕೂಗುತ್ತಲೇ ಇರುತ್ತವೆ. ಕೆಲವರು ಹಾಟ್‌ಸ್ಪಾಟ್ ಹಾಕಿರುತ್ತಾರೆ. ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್. ನಿಮ್ಮ ಡಿಎಂಎಕ್ಸ್ ಡಾಂಗಲ್ ಕೂಡ ಅದೇ. ಈ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು: 1, 6, 11. ಡಾಂಗಲ್‌ಗಳು ಈ ಮೂರನ್ನೂ ಲೆಕ್ಕಿಸದೆ ಬ್ಯಾಂಡಿನ ಉದ್ದಕ್ಕೂ ಹಾರುತ್ತಿರುತ್ತವೆ. ಹಾಗಾಗಿ ನಿಮ್ಮ ಲೈಟು ನಿಮ್ಮ ಸೌಂಡಿಗೆ ಅಡ್ಡ, ನಿಮ್ಮ ಸೌಂಡು ನಿಮ್ಮ ಲೈಟಿಗೆ ಅಡ್ಡ. ಎರಡೂ ಒಟ್ಟಿಗೆ ಕೈಕೊಡುವುದಕ್ಕೆ ಇದೇ ಕಾರಣ.

ಇನ್ನೊಂದು, ಮನುಷ್ಯನ ದೇಹದಲ್ಲಿ ನೀರೇ ಜಾಸ್ತಿ. ನೀರು ಈ ಅಲೆಗಳನ್ನು ಹೀರುತ್ತದೆ. ಮಧ್ಯಾಹ್ನ ಖಾಲಿ ಕುರ್ಚಿಗಳ ಮೇಲೆ ಹಾದು ಬಂದ ಸಿಗ್ನಲ್ ಸಂಜೆ ಜನರ ನಡುವೆ ತೂರಿ ಬರಬೇಕು. ಅದರ ಮೇಲೆ ಮಿಕ್ಸರ್ ನೆಲದ ಹತ್ತಿರ, ಕಬ್ಬಿಣದ ರ‍್ಯಾಕ್ ಒಳಗೆ, ಸ್ಪೀಕರ್ ಹಿಂದೆ!

ಒಂದು ಡ್ಯುಯಲ್ ಬ್ಯಾಂಡ್ ರೂಟರ್ ತನ್ನಿ. ಮನೆಗೆ ಹಾಕುವಂಥದ್ದೇ ಸಾಕು, ಆದರೆ 5 ಗಿಗಾಹರ್ಟ್ಸ್ ಇರಬೇಕು, ಚಾನೆಲ್ ಕೈಯಲ್ಲೇ ಆರಿಸಲು ಬರಬೇಕು. ಮಿಕ್ಸರಿನ ನೆಟ್‌ವರ್ಕ್ ಪೋರ್ಟಿನಿಂದ ರೂಟರಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಇಂಟರ್‌ನೆಟ್‌ಗೆಂದು ವ್ಯಾನ್ ಅಂತ ಬರೆದಿರುವ, ಸಾಮಾನ್ಯವಾಗಿ ಬೇರೆ ಬಣ್ಣದ ಪೋರ್ಟಿಗೆ ಅಲ್ಲ. ಅಲ್ಲಿಗೆ ಹಾಕಿದರೆ ಮಿಕ್ಸರ್ ಬೇರೆ ನೆಟ್‌ವರ್ಕಿಗೆ ಹೋಗುತ್ತದೆ, ಆ್ಯಪ್ ಹುಡುಕುತ್ತಲೇ ಇರುತ್ತದೆ. ಬೆಹ್ರಿಂಗರ್ ಎಕ್ಸ್‌ಆರ್18, ಮೈಡಾಸ್ ಎಂಆರ್18 ಥರದ ಮಿಕ್ಸರ್‌ಗಳಲ್ಲಿ ಈಥರ್‌ನೆಟ್, ವೈಫೈ ಕ್ಲೈಂಟ್, ಆಕ್ಸೆಸ್ ಪಾಯಿಂಟ್ ಅಂತ ಆರಿಸುವ ಚಿಕ್ಕ ಸ್ವಿಚ್ ಇರುತ್ತದೆ. ಅದನ್ನು ಈಥರ್‌ನೆಟ್‌ಗೆ ತಿರುಗಿಸಿ. ಒಳಗಿನ ವೈಫೈ ಇನ್ನು ಬೇಡ.

ರೂಟರಿನಲ್ಲಿ 2.4 ಪೂರ್ತಿ ಆಫ್ ಮಾಡಿ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಆಟೋ ಬಿಡಬೇಡಿ. 36ರಿಂದ 48ರ ಒಳಗೆ ಒಂದು, ಇಲ್ಲವೇ 149ರಿಂದ 165ರ ಒಳಗೆ ಒಂದು ಹಾಕಿ. ನಡುವಿನ 52ರಿಂದ 144 ಬೇಡ. ಅಲ್ಲಿ ರೇಡಾರ್ ಸಿಗ್ನಲ್ ಕಂಡರೆ ರೂಟರ್ ನಿಯಮದ ಪ್ರಕಾರ ಆ ಚಾನೆಲ್ ಬಿಟ್ಟು ಓಡಬೇಕು, ಬೇರೆ ಚಾನೆಲ್ ಹಿಡಿಯುವ ಮೊದಲು ಒಂದು ನಿಮಿಷ ಸುಮ್ನೆ ಕೇಳುತ್ತಾ ಕೂರುವುದೂ ಉಂಟು. ನಾಟಕದ ನಡುವೆ ಒಂದು ನಿಮಿಷ ಅಂದ್ರೆ ಎಷ್ಟು ಅಂತ ನಿಮಗೇ ಗೊತ್ತು. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. 80 ಇಟ್ಟರೆ ವೇಗ ಜಾಸ್ತಿ, ಆದರೆ ನಿಮಗೆ ಬೇಕಾಗಿರುವುದು ವೇಗ ಅಲ್ಲ. ಅಗಲ ಜಾಸ್ತಿಯಾದಷ್ಟೂ ಬೇರೆಯವರ ಗಲಾಟೆ ಒಳಗೆ ಬರುತ್ತದೆ.

ರೂಟರನ್ನು ಜನರ ತಲೆಗಿಂತ ಮೇಲೆ ಕಟ್ಟಿ. ಲೈಟ್ ಸ್ಟ್ಯಾಂಡ್ ಆಗಲಿ, ಶಾಮಿಯಾನದ ಕಂಬ ಆಗಲಿ, ಮೂರು ಮೀಟರ್ ಎತ್ತರ ಸಿಕ್ಕರೆ ಸಾಕು. ನೀವು ಕೂತ ಜಾಗದಿಂದ ರೂಟರ್ ಕಣ್ಣಿಗೆ ಕಾಣಬೇಕು. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ದುರ್ಬಲ, ಆದರೆ ಅಡ್ಡ ಏನೂ ಇಲ್ಲದ 30 ಮೀಟರ್‌ಗೆ ಧಾರಾಳ ಸಾಕು.

ಬೆಳಕಿನ_ಕೆಲಸ, ಉಡುಪಿ:

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಲೈಟಿನ ಮಾತು ಸ್ವಲ್ಪ ಬೇರೆ, ಅದನ್ನು ಹೇಳುತ್ತೇನೆ. ನಾನೂ ನಾಟಕಕ್ಕೇ ಬೆಳಕು ಮಾಡುವವಳು, ಆ ಬಲಗಡೆ ಆರದ ಲೈಟಿನ ಸಂಕಟ ನನಗೆ ಅರ್ಥವಾಗುತ್ತದೆ.

ನಿಮ್ಮ ಸೌಂಡಿನಲ್ಲಿ ವೈಫೈ ಮೇಲೆ ಹೋಗುತ್ತಿರುವುದು ಸೌಂಡ್ ಅಲ್ಲ ಅಲ್ವಾ? ಮೈಕ್‌ನಿಂದ ಮಿಕ್ಸರಿಗೆ, ಮಿಕ್ಸರಿನಿಂದ ಸ್ಪೀಕರಿಗೆ ಎಲ್ಲ ವೈರ್. ಗಾಳಿಯಲ್ಲಿ ಹೋಗುವುದು ನಿಮ್ಮ ಕೈಯ ಆಜ್ಞೆ ಮಾತ್ರ. ವೈಫೈ ಹೋದರೆ ಮಿಕ್ಸರ್ ಕೊನೆಯ ಮಟ್ಟದಲ್ಲೇ ನಿಂತಿರುತ್ತದೆ, ಮಾತು ಕೇಳುತ್ತಲೇ ಇರುತ್ತದೆ. ಲೈಟಿನಲ್ಲಿ ನೀವು ಸಿಗ್ನಲ್ಲನ್ನೇ ಗಾಳಿಗೆ ಬಿಟ್ಟಿದ್ದೀರಿ. ಡಿಎಂಎಕ್ಸ್ ಒಂದೇ ಸಮ ಹರಿಯುತ್ತಿರಬೇಕು, ಪೂರ್ತಿ 512 ಚಾನೆಲ್ ಆದರೆ ಸೆಕೆಂಡಿಗೆ 44 ಸಲದವರೆಗೆ. ಅದು ತುಂಡಾದರೆ ಲೈಟು ಮಿಟುಕುತ್ತದೆ, ಅಥವಾ ಹಳೆಯ ಬೆಳಕಲ್ಲೇ ಸಿಕ್ಕಿಕೊಳ್ಳುತ್ತದೆ. ನಿಮಗೆ ಆಗಿದ್ದು ಅದೇ, ಎಡಗಡೆಯ ರಿಸೀವರಿಗೆ ಬ್ಲ್ಯಾಕೌಟ್ ತಲುಪಿತು, ಬಲಗಡೆಯದಕ್ಕೆ ತಲುಪಲಿಲ್ಲ.

ಅದಕ್ಕೆ ನನ್ನ ಒತ್ತಾಯ ಒಂದೇ. ಒಂದೇ ಸಮ ಹರಿಯಬೇಕಾದ್ದು ವೈರಿನಲ್ಲಿ ಹೋಗಲಿ, ಆಗೊಮ್ಮೆ ಈಗೊಮ್ಮೆ ಕೊಡುವ ಆಜ್ಞೆ ಮಾತ್ರ ಗಾಳಿಯಲ್ಲಿ ಹೋಗಲಿ. ವೇದಿಕೆಯಲ್ಲಿ ಒಂದು ಆರ್ಟ್‌ನೆಟ್ ನೋಡ್ ಇಡಿ. ನೆಟ್‌ವರ್ಕ್ ಮೇಲೆ ಬರುವ ಲೈಟಿನ ಆಜ್ಞೆಯನ್ನು (ಅದೇ ಆರ್ಟ್‌ನೆಟ್) ಡಿಎಂಎಕ್ಸ್ ಮಾಡಿ ಕೊಡುವ ಪೆಟ್ಟಿಗೆ ಅದು. 512 ಚಾನೆಲ್‌ಗೆ ಒಂದು ಯೂನಿವರ್ಸ್ ಅನ್ನುತ್ತಾರೆ, ಒಂದು ಅಥವಾ ಎರಡು ಯೂನಿವರ್ಸ್‌ನದು ಸಾಕು. ಲ್ಯಾಪ್‌ಟಾಪಿನಿಂದ ನೋಡ್‌ವರೆಗೆ ನೆಟ್‌ವರ್ಕ್ ಕೇಬಲ್, ನೋಡ್‌ನಿಂದ ಲೈಟುಗಳಿಗೆ ಡಿಎಂಎಕ್ಸ್ ಕೇಬಲ್. ಕ್ಯೂಎಲ್‌ಸಿ ಪ್ಲಸ್‌ಗೆ ಆರ್ಟ್‌ನೆಟ್ ಬರುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ. ಅದರಲ್ಲಿ ವೆಬ್ ಆಕ್ಸೆಸ್ ಚಾಲೂ ಮಾಡಿದರೆ ಫೋನಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ (ನೆಟ್‌ವರ್ಕ್ ವಿಳಾಸ), 9999 ಪೋರ್ಟ್ ಹೊಡೆದು ನಿಮ್ಮ ಬಟನ್‌ಗಳನ್ನೆಲ್ಲ ಫೋನಿಗೇ ತರಬಹುದು. ವೇದಿಕೆ ಮೇಲೆ ನಿಂತು ಒಂದೊಂದೇ ಲೈಟ್ ಹಾಕಿಕೊಂಡು ಫೋಕಸ್ ಮಾಡಲು ಇದರಷ್ಟು ಸುಖ ಬೇರೆ ಇಲ್ಲ, ಕೆಳಗಿನಿಂದ ಯಾರನ್ನೂ ಕೂಗಬೇಕಿಲ್ಲ. ವೈಫೈ ಬಳಸಬೇಕಾದ ಜಾಗ ಅದು.

ಡಾಂಗಲ್ ಬಿಡಲು ಆಗುವುದೇ ಇಲ್ಲ ಅಂತಾದರೆ ಕೊನೇ ಪಕ್ಷ ಟ್ರಾನ್ಸ್‌ಮಿಟರನ್ನು ಎತ್ತರದಲ್ಲಿಡಿ, ವೇದಿಕೆಗೆ ಹತ್ತಿರ ತನ್ನಿ, ಆಂಟೆನಾ ನೆಟ್ಟಗಿರಲಿ. ಲುಮೆನ್‌ರೇಡಿಯೋದ ಸಿಆರ್‌ಎಂಎಕ್ಸ್ ಥರದ ದೊಡ್ಡ ವ್ಯವಸ್ಥೆಗಳು ಗದ್ದಲವಿರುವ ಜಾಗ ಗುರುತಿಸಿ ತಪ್ಪಿಸಿಕೊಂಡು ಹಾರುತ್ತವೆ, ಅದಕ್ಕೇ ದೊಡ್ಡ ಶೋಗಳಲ್ಲಿ ನಂಬುತ್ತಾರೆ. ಬೆಲೆ ನಿಮ್ಮ ಬಜೆಟ್ಟಿಗೆ ಬರುವುದಿಲ್ಲ. 40 ಮೀಟರ್ ಕೇಬಲ್ ಅದಕ್ಕಿಂತ ಎಷ್ಟೋ ಅಗ್ಗ.

ಇನ್ನೆರಡು ಮಾತು. ಮಿಟುಕುವುದೆಲ್ಲ ವೈರ್‌ಲೆಸ್ ತಪ್ಪೇ ಆಗಬೇಕಿಲ್ಲ. ಲೈಟಿನಿಂದ ಲೈಟಿಗೆ ಮೈಕ್ ಕೇಬಲ್ ಹಾಕಿದ್ದರೆ ತೆಗೆಯಿರಿ, ಸಾಲಿನ ಕೊನೆಯ ಲೈಟಿನಲ್ಲಿ ಸಿಗ್ನಲ್ ತಿರುಗಿ ಬರದಂತೆ ತಡೆಯುವ 120 ಓಮ್ ಟರ್ಮಿನೇಟರ್ ಹಾಕಿ. ಮತ್ತೆ ನೋಡ್‌ನಲ್ಲಿ ಸಿಗ್ನಲ್ ಹೋದರೆ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಇದ್ದರೆ ಕೊನೆಯ ಬೆಳಕು ಹಿಡಿದುಕೊ ಅಂತ ಇಡಿ. ನಾಟಕದಲ್ಲಿ ಏಕಾಏಕಿ ಕತ್ತಲಾದರೆ ನಟರು ವೇದಿಕೆ ಅಂಚಿನಲ್ಲಿ ಬೀಳುತ್ತಾರೆ. ಆದರೆ ಹೀಗೆ ಇಟ್ಟರೆ ಹೊಗೆ ಮಷಿನ್ ಕೂಡ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಹೊಗೆ ಕಾರುತ್ತಲೇ ಇರುತ್ತದೆ. ಅದನ್ನು ಡಿಎಂಎಕ್ಸ್‌ನಿಂದ ತೆಗೆದು ಅದರದೇ ಕೈ ರಿಮೋಟಿಗೆ ಕೊಡಿ, ವಿಂಗ್‌ನಲ್ಲಿ ಒಬ್ಬ ಹುಡುಗ ನೋಡಿಕೊಳ್ಳಲಿ.

ಸಾಗರದ_ರಂಗಮಿತ್ರ:

ಅಕ್ಕ, ಸರ್, ಇಬ್ಬರಿಗೂ ತುಂಬಾ ಧನ್ಯವಾದ. ಹೊಗೆ ಮಷಿನ್ ವಿಚಾರ ನನಗೆ ಹೊಳೆದೇ ಇರಲಿಲ್ಲ.

ಎರಡು ಅನುಮಾನ ಉಳಿದಿದೆ. ಕೆಲವು ಕಡೆ ಕಮಿಟಿಯವರು ಜನರ ನಡುವೆ ಕೇಬಲ್ ಎಳೆಯಲು ಬಿಡುವುದಿಲ್ಲ, ಮಕ್ಕಳು ಎಡವುತ್ತಾರೆ ಅಂತ. ಅಂಥ ಕಡೆ ಆರ್ಟ್‌ನೆಟ್ಟನ್ನೇ ಈ ಹೊಸ ರೂಟರಿನ 5 ಗಿಗಾಹರ್ಟ್ಸ್ ಮೇಲೆ ಕಳಿಸಬಹುದಾ? ಇನ್ನೊಂದು, ಗೆಳೆಯನ ಹತ್ತಿರ ನೋಡ್ ಇದೆ, ಅದರ ಐಪಿ 2.0.0 ಅಂತ ಶುರುವಾಗುತ್ತದೆ, ಮಿಕ್ಸರ್ 192.168 ಅಂತ. ಇವೆರಡೂ ಒಂದೇ ರೂಟರಿನಲ್ಲಿ ಹೇಗೆ ಬಾಳುತ್ತವೆ?

ಪ್ಯಾಕೆಟ್_ಲೆಕ್ಕ, ಮೈಸೂರು:

ನನ್ನ ಕೆಲಸ ನೆಟ್‌ವರ್ಕಿಂಗ್. ವಾರಾಂತ್ಯಕ್ಕೆ ಗೆಳೆಯರ ನಾಟಕಗಳಿಗೆ ಇದೇ ಸೇವೆ ಮಾಡುತ್ತೇನೆ. ಹಾಗಾಗಿ ಐಪಿ ಪ್ರಶ್ನೆ ಮೊದಲು.

ಆರ್ಟ್‌ನೆಟ್ ಹುಟ್ಟಿದಾಗಿನಿಂದ 2 ಅಥವಾ 10ರಿಂದ ಶುರುವಾಗುವ ವಿಳಾಸ ಬಳಸುವ ರೂಢಿ ಇದೆ. ಆದರೆ ಅದು ಕಡ್ಡಾಯ ಅಲ್ಲ. ಹೆಚ್ಚಿನ ನೋಡ್‌ಗಳಲ್ಲಿ ವಿಳಾಸ ಬದಲಿಸಬಹುದು. ರೂಟರಿಗೆ 192.168.10.1 ಕೊಡಿ, ಮಿಕ್ಸರಿಗೆ 192.168.10.20, ನೋಡ್‌ಗೆ 192.168.10.30, ಲೈಟ್ ಲ್ಯಾಪ್‌ಟಾಪಿಗೆ 192.168.10.40, ಎಲ್ಲಕ್ಕೂ ಮಾಸ್ಕ್ 255.255.255.0. ಟ್ಯಾಬು, ಫೋನುಗಳಿಗೆ ರೂಟರೇ 100ರ ಮೇಲಿನ ವಿಳಾಸ ಹಂಚಲಿ. ಈ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ರ‍್ಯಾಕ್ ಮುಚ್ಚಳದ ಒಳಗೆ ಅಂಟಿಸಿ, ನೀವಿಲ್ಲದ ದಿನ ಬೇರೆಯವರಿಗೆ ಬೇಕಾಗುತ್ತದೆ. ನಿಮ್ಮ ಅಳತೆಗೆ ಸೌಂಡು, ಲೈಟು ಒಂದೇ ನೆಟ್‌ವರ್ಕಿನಲ್ಲಿ ಇದ್ದರೆ ತೊಂದರೆ ಇಲ್ಲ.

ಆರ್ಟ್‌ನೆಟ್ ವೈಫೈ ಮೇಲೆ ಹೋಗುತ್ತದಾ ಅಂದರೆ, ಹೋಗುತ್ತದೆ. ಒಂದು ಯೂನಿವರ್ಸ್ ಅಂದರೆ ಸೆಕೆಂಡಿಗೆ ಸುಮಾರು 200 ಕಿಲೋಬಿಟ್, ರೂಟರಿಗೆ ಅದು ಲೆಕ್ಕಕ್ಕೇ ಇಲ್ಲ. ತೊಂದರೆ ಇರುವುದು ಗಾತ್ರದಲ್ಲಲ್ಲ, ಹೊತ್ತಿನಲ್ಲಿ. ವೈಫೈಯಲ್ಲಿ ಪ್ರತಿ ಪ್ಯಾಕೆಟ್ಟೂ (ಡೇಟಾದ ತುಂಡು) ಗಾಳಿ ಖಾಲಿ ಆಗುವವರೆಗೆ ಕಾಯಬೇಕು, ಹಾಗಾಗಿ ಒಂದು ಬೇಗ ಬರುತ್ತದೆ, ನಾಲ್ಕು ಒಟ್ಟಿಗೆ ತಡವಾಗಿ ಬರುತ್ತವೆ. ನಿಧಾನದ ಫೇಡ್ ಇದ್ದಾಗ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಇದಕ್ಕಿಂತ ದೊಡ್ಡ ಕಳ್ಳ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಒಟ್ಟಿಗೆ ಸಾರುವುದು. ಒಂದೇ ವಿಳಾಸಕ್ಕೆ ಕಳಿಸಿದ ಪ್ಯಾಕೆಟ್ ಗಾಳಿಯಲ್ಲಿ ಕಳೆದುಹೋದರೆ ವೈಫೈ ಅದನ್ನು ತಾನೇ ಮತ್ತೆ ಕಳಿಸುತ್ತದೆ. ಎಲ್ಲರಿಗೂ ಅಂತ ರೂಟರ್ ಸಾರುವ ಪ್ಯಾಕೆಟ್ಟಿಗೆ ಆ ಭದ್ರತೆ ಇಲ್ಲ, ಕಳೆದರೆ ಕಳೆದಂತೆಯೇ. ಮೇಲಾಗಿ ಅದು ಕನಿಷ್ಠ ವೇಗದಲ್ಲಿ ಹೋಗುತ್ತದೆ, ಅಷ್ಟೂ ಹೊತ್ತು ನಿಮ್ಮ ಟ್ಯಾಬು ತನ್ನ ಸರದಿ ಕಾಯುತ್ತಾ ನಿಂತಿರುತ್ತದೆ. ಆದ್ದರಿಂದ ಕ್ಯೂಎಲ್‌ಸಿ ಪ್ಲಸ್‌ನ ಆರ್ಟ್‌ನೆಟ್ ಸೆಟ್ಟಿಂಗಿನಲ್ಲಿ ಔಟ್‌ಪುಟ್ ವಿಳಾಸ 255ಕ್ಕೆ ಮುಗಿಯುತ್ತಿದ್ದರೆ (ಅಂದರೆ ಎಲ್ಲರಿಗೂ ಸಾರುತ್ತಿದ್ದರೆ) ಬದಲಿಸಿ ನೋಡ್‌ನ ವಿಳಾಸವನ್ನೇ ಹಾಕಿ. ಎಸ್‌ಎಸಿಎನ್ (ಆರ್ಟ್‌ನೆಟ್ ಥರದ್ದೇ ಇನ್ನೊಂದು ಪದ್ಧತಿ) ಬಳಸುವವರಿಗೂ ಇದೇ ಮಾತು, ಅದು ಸಾಮಾನ್ಯವಾಗಿ ಮಲ್ಟಿಕಾಸ್ಟ್ (ಒಂದು ಗುಂಪಿಗೆ ಸಾರುವುದು) ಆಗಿಯೇ ಹೋಗುತ್ತದೆ. ಕೇಬಲ್ ಇದ್ದರೂ ಇದನ್ನು ಮಾಡಿ. ಯಾಕಂದ್ರೆ ಕೇಬಲ್ ಮೇಲೆ ಸಾರಿದ್ದನ್ನೂ ರೂಟರ್ ಗಾಳಿಗೆ ಬಿಡುತ್ತದೆ, ಟ್ಯಾಬಿನ ದಾರಿ ಸುಮ್ನೆ ತುಂಬುತ್ತದೆ.

ಆದರೂ ನಾಟಕಕ್ಕೆ ನಾನು ಕೇಬಲ್ ಅಂತಲೇ ಹೇಳುತ್ತೇನೆ. ಬಯಲಿನ ನಡುವೆ ಎಳೆಯಬೇಡಿ. ಪಕ್ಕದ ಬೇಲಿಗೋ ಶಾಮಿಯಾನದ ಕಂಬಗಳಿಗೋ ತಲೆಗಿಂತ ಎತ್ತರದಲ್ಲಿ ಕಟ್ಟಿಕೊಂಡು ಸುತ್ತಿ ಬನ್ನಿ. 100 ಮೀಟರ್‌ವರೆಗೆ ನೆಟ್‌ವರ್ಕ್ ಕೇಬಲ್ ಓಡುತ್ತದೆ, ನಿಮ್ಮ ಬಯಲು ಸುತ್ತಿ ಬಂದರೂ ಅಷ್ಟಾಗುವುದಿಲ್ಲ. ಸಿಸಿಟಿವಿ ಅಂಗಡಿಯಲ್ಲಿ ಕ್ಯಾಟ್ 6 ಕೇಳಿ, ಆದರೆ ಪೂರ್ತಿ ತಾಮ್ರದ್ದೇ ಬೇಕು ಅನ್ನಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದಿರುವುದು ಅಗ್ಗ, ಆದರೆ ಸುತ್ತಿ ಬಿಚ್ಚಿ ಮಾಡಿದರೆ ಒಳಗೇ ತುಂಡಾಗುತ್ತದೆ.

ರೂಟರಿಗೆ ಇಂಟರ್‌ನೆಟ್ ಇರುವುದಿಲ್ಲವಾದ್ದರಿಂದ ಆಂಡ್ರಾಯ್ಡ್ ಆಗಲಿ ಐಪ್ಯಾಡ್ ಆಗಲಿ ಈ ವೈಫೈ ಪ್ರಯೋಜನವಿಲ್ಲ ಅಂದುಕೊಂಡು ಬೇರೆ ಕಡೆ ಜಿಗಿಯಬಹುದು. ಏರ್‌ಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಹಳೆಯ ನೆಟ್‌ವರ್ಕ್‌ಗಳನ್ನೆಲ್ಲ ಮರೆಸಿಬಿಡಿ. ಹೆಸರು ಅಡಗಿಸುವುದರಿಂದ ಭದ್ರತೆ ಬರುವುದಿಲ್ಲ, ಡಬ್ಲ್ಯೂಪಿಎ2 ಅನ್ನುವ ವೈಫೈ ಬೀಗ ಮತ್ತು ಉದ್ದನೆಯ ಪಾಸ್‌ವರ್ಡ್ ಸಾಕು. ಆ ಪಾಸ್‌ವರ್ಡ್ ಕಮಿಟಿಯವರಿಗೆ, ನಟರಿಗೆ, ಯಾರಿಗೂ ಕೊಡಬೇಡಿ.

ಮೇಳದ_ಸೌಂಡು, ಕುಂದಾಪುರ:

ನಾವು ಯಕ್ಷಗಾನಕ್ಕೆ ಸೌಂಡ್ ಹಾಕುವವರು ಮಾರಾಯ್ರೆ. ಕಾಲಮಿತಿ ಆಟವೂ ಇರುತ್ತದೆ, ಬೆಳಗಿನವರೆಗಿನ ಆಟವೂ ಇರುತ್ತದೆ. ಚಾನೆಲ್, ಐಪಿ ಎಲ್ಲ ಮೇಲೆ ಬಂದಾಯಿತು, ಬಯಲಿನ ವಿಚಾರ ಮಾತ್ರ ಸೇರಿಸುತ್ತೇನೆ.

ಕರೆಂಟು ಹೋಗಿ ಜನರೇಟರ್‌ಗೆ ಬದಲಾಗುವಾಗ ರೂಟರ್ ಆರಿ ಮತ್ತೆ ಏಳಲು ಒಂದೆರಡು ನಿಮಿಷ ತಗೊಳ್ಳುತ್ತದೆ. ಮಿಕ್ಸರನ್ನು ಯುಪಿಎಸ್ ಮೇಲೆ ಹಾಕಿ ರೂಟರನ್ನು ಮರೆತರೆ ಪ್ರಯೋಜನ ಇಲ್ಲ. ಮನೆ ರೂಟರಿಗೆ ಅಂತ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು, ಕಂಬಕ್ಕೇ ಕಟ್ಟಬಹುದು. ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ ತನ್ನಿ, ಕೆಲವು ರೂಟರ್ 9 ವೋಲ್ಟಿನವು.

ರಾತ್ರಿ ಇಬ್ಬನಿ ಬೀಳುತ್ತದೆ. ಎತ್ತರದಲ್ಲಿ ಕಟ್ಟಿದ ರೂಟರಿಗೆ ಪ್ಲಾಸ್ಟಿಕ್ ಡಬ್ಬ ಮಗುಚಿ ಹಾಕಿ, ಅಡಿ ತೆರೆದಿರಲಿ, ಬಿಸಿ ಹೊರಗೆ ಹೋಗಬೇಕು. ತಗಡಿನ ಡಬ್ಬ ಬೇಡ, ಸಿಗ್ನಲ್ ಒಳಗೇ ಉಳಿಯುತ್ತದೆ. ತಗಡಿನ ಶೀಟು ಹೊದೆಸಿದ ರಂಗಮಂದಿರ ಆದರೆ ರೂಟರ್ ಶೀಟಿನ ಕೆಳಗೆ, ಮುಂಭಾಗದಲ್ಲಿ ಇರಲಿ.

ಟ್ಯಾಬಿನಲ್ಲಿ ಬ್ಯಾಟರಿ ಸೇವರ್ ತೆಗೆಯಿರಿ, ಪರದೆ ಆರುವುದನ್ನೂ ನಿಲ್ಲಿಸಿ. ಪರದೆ ಆರಿದರೆ ಆ್ಯಪ್ ಮಲಗುತ್ತದೆ, ಎಬ್ಬಿಸಿದಾಗ ಮತ್ತೆ ಮಿಕ್ಸರ್ ಹುಡುಕಬೇಕು. ಭಾಗವತರು ಪದ್ಯ ಎತ್ತುವ ಹೊತ್ತಿಗೆ ಅದು ಆಗಬಾರದು. ನಮ್ಮಲ್ಲಿ ಟ್ಯಾಬ್ ಪಕ್ಕದಲ್ಲೇ ಒಂದು ಹಳೆಯ ಲ್ಯಾಪ್‌ಟಾಪ್, ಕೇಬಲ್ ಹಾಕಿಕೊಂಡು, ಮಿಕ್ಸರಿನ ಆ್ಯಪ್ ತೆರೆದೇ ಇರುತ್ತದೆ. ವೈಫೈಗೆ ಏನೇ ಆದರೂ ಕೈ ಅಲ್ಲಿಗೆ ಹೋದರೆ ಆಯಿತು. ಲೈಟಿಗೆ ಹೇಗೂ ಕೇಬಲ್ ಎಳೆಯುತ್ತೀರಿ, ನಿಮ್ಮ ಮೇಜಿನ ಬಳಿ ಒಂದು ಐದು ಪೋರ್ಟಿನ ನೆಟ್‌ವರ್ಕ್ ಸ್ವಿಚ್ ಇಟ್ಟರೆ ಅದರಲ್ಲೇ ಇದೂ ಬರುತ್ತದೆ.

ಸಾಗರದ_ರಂಗಮಿತ್ರ:

ಎಲ್ಲರಿಗೂ ಮತ್ತೆ ನಮಸ್ಕಾರ. ರೂಟರ್ ಬಂತು, ಪೂರ್ತಿ ತಾಮ್ರದ ಕೇಬಲ್ ಬಂತು, ನೋಡ್‌ಗೆ ಹೊಸ ವಿಳಾಸ ಕೊಟ್ಟೆ. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಇತ್ತು, ಬಯಲು ತುಂಬಾ ಜನ. ಲೈಟು ಒಂದು ಸಲವೂ ಮಿಟುಕಲಿಲ್ಲ. ಬ್ಲ್ಯಾಕೌಟ್ ಎಡ ಬಲ ಒಟ್ಟಿಗೆ ಬಿತ್ತು! ನಿರ್ದೇಶಕರು ಬಂದು ಬೆನ್ನು ತಟ್ಟಿದರು, ಅದು ನಿಮಗೆಲ್ಲ ಸೇರಬೇಕು.

ಟ್ಯಾಬ್ ಮಾತ್ರ ಒಂದು ವಿಚಿತ್ರ ತೋರಿಸಿತು. ಮೊದಲರ್ಧ ಚೆನ್ನಾಗಿತ್ತು. ವಿಡಿಯೋದವರು ಕ್ರೇನ್ ಕ್ಯಾಮೆರಾ ಎಬ್ಬಿಸಿದ ಮೇಲೆ ಫೇಡರ್ ಮತ್ತೆ ತಡವಾಗಲು ಶುರುವಾಯಿತು. ಪೂರ್ತಿ ಕಡಿತ ಆಗಲಿಲ್ಲ, ಕೇಬಲ್ ಹಾಕಿದ ಲ್ಯಾಪ್‌ಟಾಪಿನಿಂದ ಮುಗಿಸಿದೆ. ಚಾನೆಲ್ 36 ಇಟ್ಟಿದ್ದೆ. ವೈಫೈ ಅನಲೈಜರ್ ಆ್ಯಪಿನಲ್ಲಿ ನೋಡಿದರೆ 36ರಲ್ಲಿ ನನ್ನದು ಬಿಟ್ಟು ಬೇರೆ ಯಾವುದೂ ಕಾಣಲಿಲ್ಲ. ಹಾಗಾದರೆ ಏನಿರಬಹುದು?

ಮಿಕ್ಸಿಂಗ್_ಮೇಜು, ಬೆಂಗಳೂರು:

ತುಂಬಾ ಖುಷಿಯಾಯಿತು. ಬ್ಲ್ಯಾಕೌಟ್ ಸರಿಯಾಗಿ ಬಿದ್ದಿದ್ದು ಓದಿ ಇನ್ನೂ ಖುಷಿ.

ಬಹುತೇಕ ಅದು ಕ್ಯಾಮೆರಾದವರ ವೈರ್‌ಲೆಸ್ ವಿಡಿಯೋ. ಕ್ರೇನ್ ಮೇಲಿನ ಕ್ಯಾಮೆರಾದಿಂದ ಕೆಳಗಿನ ಸ್ವಿಚರಿಗೆ (ಕ್ಯಾಮೆರಾ ಚಿತ್ರ ಆರಿಸುವ ಪೆಟ್ಟಿಗೆ) ಚಿತ್ರ ಕಳಿಸುವ ಪೆಟ್ಟಿಗೆಗಳು ಹೆಚ್ಚಾಗಿ 5 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ. ವಿಡಿಯೋ ಆದ್ದರಿಂದ ಬಿಡುವಿಲ್ಲದೆ ಗಾಳಿ ತುಂಬುತ್ತವೆ, ಅಗಲವೂ ಜಾಸ್ತಿ. ಅನಲೈಜರ್ ಆ್ಯಪ್ ವೈಫೈ ಅಂತ ಹೆಸರು ಹೇಳಿಕೊಳ್ಳುವವರನ್ನು ಮಾತ್ರ ತೋರಿಸುತ್ತದೆ. ಈ ಪೆಟ್ಟಿಗೆಗಳಲ್ಲಿ ಹಲವು, ನಿಮ್ಮ ಹಳೆಯ ಡಿಎಂಎಕ್ಸ್ ಡಾಂಗಲ್ ಕೂಡ, ಅದರಲ್ಲಿ ಕಾಣುವುದೇ ಇಲ್ಲ. ಪಟ್ಟಿ ಖಾಲಿ ಇದ್ದರೆ ಗಾಳಿ ಖಾಲಿ ಅಂತ ಅಲ್ಲ.

ಮುಂದಿನ ಸಲ ಸಾಮಾನು ಇಳಿಸುವಾಗಲೇ ವಿಡಿಯೋದವರ ಹತ್ತಿರ ಹೋಗಿ, ನಿಮ್ಮದು ಯಾವ ಚಾನೆಲ್ ಅಂತ ಕೇಳಿ. ಅವರು ಕೆಳಗಿನ ನಂಬರುಗಳ ಕಡೆ ಇದ್ದರೆ ನೀವು 149ಕ್ಕೆ ಹೋಗಿ, ಅವರು ಮೇಲಿದ್ದರೆ ನೀವು 36ರಲ್ಲೇ ಇರಿ. ಅವರ ಪೆಟ್ಟಿಗೆ ಆಟೋದಲ್ಲಿದ್ದರೆ ಒಂದು ಕಡೆ ಗಟ್ಟಿ ಮಾಡಿಸಿ, ಇಲ್ಲದಿದ್ದರೆ ನಡುವೆ ಜಿಗಿದು ನಿಮ್ಮ ಮೇಲೆ ಬಂದು ಕೂರುತ್ತದೆ. ಅವರಿಗೂ ಚಿತ್ರ ಒಡೆಯಬಾರದು, ಹಾಗಾಗಿ ಕೇಳಿದರೆ ಖಂಡಿತ ಒಪ್ಪುತ್ತಾರೆ. ಅವರ ಟ್ರಾನ್ಸ್‌ಮಿಟರ್ ಮತ್ತು ನಿಮ್ಮ ರೂಟರ್ ಒಂದೇ ಕಂಬದಲ್ಲಿ ಇರದಂತೆ ನೋಡಿಕೊಳ್ಳಿ. ಕ್ಯಾಮೆರಾ, ಸ್ಕ್ರೀನು, ಮೈಕ್ ಎಲ್ಲವೂ ಆನ್ ಇರುವಾಗಲೇ ಒಮ್ಮೆ ಟ್ಯಾಬ್ ಹಿಡಿದು ಬಯಲು ಪೂರ್ತಿ ಸುತ್ತಿ ಬನ್ನಿ. 149ಕ್ಕೆ ಹೋದಾಗ ಹೇಗಾಯಿತು ಅಂತ ಇಲ್ಲೇ ಹಾಕಿ.